ಇಂದ್ರಾಣಿ ನೀರು ಕೇಳಿದ ಬೀದಿಗಳು

ಮುನಿಯಮ್ಮ ತನ್ನ ಮೂವರು ಹೆಣ್ಣುಮಕ್ಕಳನ್ನು ಕೊಟ್ಟಿದ್ದೂ ನೀರು ಕೇಳಿಯೇ, ಮನೆಗೆ ಸೊಸೆ ತಂದಿದ್ದೂ ನೀರು ಕೇಳಿಯೇ. ಸಂಬಂಧದ ಮಾತು ಬಂತೆಂದರೆ ಅವಳು ಜಾತಕ ಕೇಳುತ್ತಿರಲಿಲ್ಲ, ಎಷ್ಟು ಕುಂಟೆ ಹೊಲ ಎಂದೂ ಕೇಳುತ್ತಿರಲಿಲ್ಲ. ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಊರಿನ ಕಾಲೋನಿಗೆ ಹೋಗಿ, ನಾಲ್ಕು ಮನೆ ಮುಂದೆ ನಿಂತು, "ಅಮ್ಮಾ, ಒಂದು ಗುಟುಕು ನೀರು ಕೊಡ್ರಮ್ಮ" ಅನ್ನುತ್ತಿದ್ದಳು. ಯಾರು ಎದ್ದು ಬಂದರು, ಯಾರು ಒಳಗಿನಿಂದಲೇ ಕೂಗಿದರು, ಕೊಟ್ಟವರು ಕೂತುಕೋ ಅಂದರಾ, ಇಷ್ಟು ನೋಡಿಕೊಂಡು ವಾಪಸ್ ಬರುತ್ತಿದ್ದಳು.

"ಗಂಡು ಒಳ್ಳೇವ್ನೋ ಕೆಟ್ಟೋನೋ ಯಾರ್ ಕಂಡ್ರು? ಅವ್ನು ಒಡೆದಾಗ ಬಿಡ್ಸಕ್ ಬರೋರು ಪಕ್ಕದ್ ಮನೆಯೋರು. ನಾನು ಗಂಡು ನೋಡಲ್ಲ, ಬೀದಿ ನೋಡ್ತೀನಿ" ಅನ್ನುವುದು ಅವಳ ವಾದ. ಮೂವರು ಮಕ್ಕಳೂ ಚೆನ್ನಾಗಿಯೇ ಬಾಳುತ್ತಿದ್ದಾರೆ. ಹಾಗಾಗಿ ಮನೆಯಲ್ಲಿ ಯಾರೂ ಆ ವಾದಕ್ಕೆ ಎದುರಾಡಿದವರಲ್ಲ.

ಅವಳ ಸೊಸೆ ಇಂದ್ರಾಣಿಗೆ ಮದುವೆಗೆ ಬಂದ ಮಗಳಿಲ್ಲ. ಇರುವುದು ಆರು ತುಂಬಿದ ಶ್ವೇತ, ನಾಲ್ಕರ ನರೇಶ. ಇವರಿಗೆ ಬೇಕಿರುವುದು ಶಾಲೆ. ಬಂಗಾರಪೇಟೆಗೆ ಏಳೆಂಟು ಕಿಲೋಮೀಟರ್ ದೂರದ ಅವರ ಹಳ್ಳಿಯಲ್ಲೂ ಒಂದು ಶಾಲೆ ಇದೆ. ಕಟ್ಟಡ ಇದೆ, ಗೋಡೆ ತುಂಬಾ ಬಣ್ಣ ಬಣ್ಣದ ಚಿತ್ರಗಳಿವೆ. ಮೇಷ್ಟ್ರು ಮಾತ್ರ ವಾರಕ್ಕೆ ಮೂರು ದಿನ. ಉಳಿದ ದಿನ ಅವರು ಇನ್ನೊಂದು ಊರಿನ ಶಾಲೆಗೆ ಹೋಗಬೇಕು, ಅಲ್ಲೂ ಅವರೊಬ್ಬರೇ. ಪಕ್ಕದ ಮನೆಯ ಹುಡುಗಿ ನಾಲ್ಕನೇ ಕ್ಲಾಸು ಮುಗಿಸಿದ್ದಾಳೆ. ಒಂದು ದಿನ ಇಂದ್ರಾಣಿ ಔಷಧಿ ಡಬ್ಬಿ ಕೊಟ್ಟು ಏನು ಬರೆದಿದೆ ಓದು ಅಂದಳು. ಹುಡುಗಿ ಡಬ್ಬಿಯನ್ನು ಆ ಕಡೆ ಈ ಕಡೆ ತಿರುಗಿಸಿ, "ಜ್ವರದ್ದು ಅನ್ಸುತ್ತೆ ಅಕ್ಕಾ" ಅಂದಿತು. ಅವತ್ತೇ ಇಂದ್ರಾಣಿ ನಿಶ್ಚಯ ಮಾಡಿದಳು: ಈ ಜೂನ್‌ಗೆ ಶ್ವೇತ ಈ ಊರಿನಲ್ಲಿರಬಾರದು.

ಇಂದ್ರಾಣಿ ಕೆಜಿಎಫ್‌ನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸಕ್ಕಿದ್ದಾಳೆ. ಗಂಡ ವಿಜಯಕುಮಾರ್‌ನದು ಮನೆಗಳಿಗೆ ಪೇಂಟ್ ಹೊಡೆಯುವ ಕೆಲಸ. ಇಬ್ಬರ ಕೆಲಸವೂ ಪೇಟೆಯಲ್ಲೇ. ಹಾಗಾದರೆ ಮನೆಯೂ ಅಲ್ಲೇ ಯಾಕಾಗಬಾರದು?

ಮಕ್ಕಳಿಗೆ ಒಳ್ಳೆಯ ಶಾಲೆಯಿರುವ ಬಡಾವಣೆಯನ್ನು ಆರಿಸಿಕೊಳ್ಳುವುದು ಹೇಗೆ ಎಂದು ಮೊಬೈಲಿನಲ್ಲಿ ಉಪದೇಶ ಮಾಡುವವರು ಬಹಳ ಮಂದಿ ಇದ್ದಾರೆ. ಇಂದ್ರಾಣಿಯೂ ಪಾತ್ರೆ ತೊಳೆಯುವ ಕೆಲಸದ ಬಿಡುವಿನಲ್ಲಿ ಒಂದು ವಿಡಿಯೊ ನೋಡಿದಳು. ಕೋಟು ಹಾಕಿದವನೊಬ್ಬ ಪಾರ್ಕ್ ಇದೆಯಾ ನೋಡಿ, ಟ್ರಾಫಿಕ್ ನೋಡಿ, ಆಟದ ಮೈದಾನ ನೋಡಿ ಅಂದ. ಮನೆ ಓನರ್ ಬಾಗಿಲಲ್ಲಿ ನಿಂತು ಮೊದಲು ಏನು ಕೇಳುತ್ತಾನೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅವನನ್ನು ಯಾರೂ ಯಾವತ್ತೂ ಅದನ್ನು ಕೇಳಿರಲಿಕ್ಕಿಲ್ಲ.

ಮುನಿಯಮ್ಮನಿಗೆ ವಿಡಿಯೊ ಗೊತ್ತಿಲ್ಲ. "ಬೆಳಿಗ್ಗೆ ಐದಕ್ಕೆ ನೀನೂ ಓಯ್ತೀಯ, ಅವ್ನೂ ಓಯ್ತಾನೆ. ಮಗು ಜಡೆ ಬಿಚ್ಕೊಂಡ್ ನಿಂತ್ರೆ ಕಟ್ಟೋರು ಯಾರು? ಬಿದ್ರೆ ಎತ್ತೋರು ಯಾರು? ಮೊದ್ಲು ಬೀದಿ ನೋಡು. ನೀರ್ ಕೇಳು ಓಗು" ಅಂದಳು.

ಹೀಗೆ ಇಂದ್ರಾಣಿ ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ, ಶಿಫ್ಟು ಮುಗಿಸಿಕೊಂಡು, ಕೊರಳಲ್ಲಿ ಕಾರ್ಖಾನೆಯ ನೀಲಿ ದಾರದ ಗುರುತಿನ ಕಾರ್ಡು, ಕಂಕುಳಲ್ಲಿ ಮಕ್ಕಳ ಕಾಗದಪತ್ರಗಳ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು, ನೀರು ಕೇಳುತ್ತಾ ಹೊರಟಳು.

ರಾಬರ್ಟ್‌ಸನ್‌ಪೇಟೆಯಲ್ಲಿ ಶಾಲೆಗಳಿಗೇನೂ ಬರವಿಲ್ಲ. ಮಾರ್ಕೆಟ್ ಹಿಂದಿನ ಗಲ್ಲಿಯೊಂದರಲ್ಲಿ ಮಹಡಿಯ ಮೇಲಿನ ಹೆಂಗಸನ್ನು ಕೇಳಿದಳು. "ಟ್ಯಾಂಕರ್ ಬಂದು ಎಂಟು ದಿನ ಆಯ್ತಮ್ಮ! ಮುಂದ್ಗಡೆ ಅಂಗಡೀಲಿ ಬಾಟ್ಲು ಸಿಗ್ತದೆ ನೋಡು" ಅಂದಳು ಆಕೆ. ಎರಡನೇ ಮನೆಯಲ್ಲಿ ನಾಯಿ ಬಂತು. ಮೂರನೆಯದರಲ್ಲಿ ಯಾರೂ ಬರಲಿಲ್ಲ. ಇಂದ್ರಾಣಿ ಅಂಗಡಿಯಲ್ಲಿ ಬಾಟ್ಲು ಕೊಂಡು ಕುಡಿದು, ಆ ಪೇಟೆಯನ್ನು ಅಲ್ಲಿಗೇ ಬಿಟ್ಟಳು.

ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳಲ್ಲಿ ಹಾಗಾಗಲಿಲ್ಲ. ಗಣಿ ಕೆಲಸದವರಿಗೆಂದು ಬ್ರಿಟಿಷರ ಕಾಲದಲ್ಲಿ ಸಾಲಾಗಿ ಕಟ್ಟಿದ ಪುಟ್ಟ ಪುಟ್ಟ ಮನೆಗಳು. ತಗಡಿನ ಮೇಲೆ ಕಲ್ಲು ಹೇರಿದ್ದಾರೆ. ಮೊದಲ ಬಾಗಿಲಲ್ಲೇ ಕಲಾ ಅನ್ನುವ ವಯಸ್ಸಾದ ಹೆಂಗಸು ನೀರಿನ ಚೊಂಬು ತಂದು ಕೊಟ್ಟು, "ಉಕ್ಕಾರು ಕಣ್ಣು, ಕೂತ್ಕೋ. ಇಂಥಾ ಬಿಸಿಲಲ್ಲಿ ಯಾರಮ್ಮಾ ನಿನ್ನ ಅಟ್ಟಿದ್ದು?" ಎಂದು ತಮಿಳು ಕನ್ನಡ ಎರಡರಲ್ಲೂ ಬೈದಳು. ಗಂಡ ಗಣಿಯಲ್ಲಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತು. ಪಕ್ಕದ ಮನೆ ಖಾಲಿ ಇದೆ, ಬೀಗದ ಕೈ ತನ್ನ ಹತ್ತಿರವೇ ಇದೆ ಅಂದಳು. "ಎಷ್ಟು ಜನ ನೀವು?" ಅಂದಳು. ಅದೊಂದೇ ಅವಳು ಕೇಳಿದ ಪ್ರಶ್ನೆ.

"ಇಲ್ಲಿ ಸ್ಕೂಲ್ ಎಲ್ಲಮ್ಮಾ?"

ಕಲಾ ಬೆರಳು ತೋರಿಸಿದಳು. ಲೈನಿನ ಕೊನೆಯಲ್ಲಿ ಕಬ್ಬಿಣದ ಗೇಟಿಗೆ ಬೀಗ, ಮೆಟ್ಟಿಲ ಮೇಲೆ ಆಡುಗಳು. "ಮಕ್ಕಳಿಲ್ಲ ಅಂತ ಮುಚ್ಬಿಟ್ರು. ಮುಚ್ಚಿದ್ಮೇಲೆ ಮಕ್ಕಳಿರೋರೂ ಓಗ್ಬಿಟ್ರು. ಆಡುಗೋಳು ಮಾತ್ರ ಸರಿಯಾಗ್ ಟೈಮಿಗೆ ಬರ್ತವೆ" ಎಂದು ನಕ್ಕಳು.

ಇಂದ್ರಾಣಿಗೆ ನಗು ಬರಲಿಲ್ಲ.

ಬಂಗಾರಪೇಟೆಯಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಅವಳು ಬಯಸಿದ್ದೆಲ್ಲ ಇತ್ತು. ಹಳೆಯ ಅನುದಾನಿತ ಶಾಲೆ. ಗೇಟಿನ ಹೊರಗೆ ನಿಂತರೂ ಒಳಗೆ ಮಕ್ಕಳು ಒಟ್ಟಿಗೆ ಓದುವ ಸದ್ದು ಕೇಳುತ್ತದೆ. ತರಗತಿಗೊಬ್ಬರು ಟೀಚರು. ಎಸ್ಸಿ ಮಕ್ಕಳಿಗೆ ಫೀಸಿಲ್ಲ ಎಂದು ಬೋರ್ಡು ಹಾಕಿದ್ದರು. ಎದುರು ಬೀದಿಯಲ್ಲಿ ರಂಗೋಲಿ ಹಾಕಿದ ಬಾಗಿಲ ಮುಂದೆ ನಿಂತು ಅವಳು ನೀರು ಕೇಳಿದಳು. ಆದಿಲಕ್ಷ್ಮಮ್ಮ ಎಂಬ ಬೆಳ್ಳನೆ ತಲೆಯ ಹೆಂಗಸು ಹೊರಗೆ ಬಂದು ಇವಳನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ, ಫಳಫಳ ಹೊಳೆಯುವ ಸ್ಟೀಲ್ ಲೋಟದಲ್ಲಿ ನೀರು, ಜೊತೆಗೆ ಒಂದು ಚೂರು ಬೆಲ್ಲ ತಂದು ಕೊಟ್ಟಳು. ಹಿಂದುಗಡೆ ಎರಡು ಕೋಣೆಯ ಪೋರ್ಷನ್ ಖಾಲಿ ಇರುವುದನ್ನೂ ಮಾತಿಗೆ ಮಾತು ಬಂದು ಹೇಳಿದಳು.

ಮನೆಗೆ ಬಂದು ಇಂದ್ರಾಣಿ ಅತ್ತೆಗೆ ಹೇಳಿದ್ದು ಅದೊಂದನ್ನೇ. "ಬೆಲ್ಲ ಕೊಟ್ರು ಅತ್ತೆ! ಕೇಳ್ದೇನೇ ಕೊಟ್ರು!"

ಮುನಿಯಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಿದಳು. "ಕೈಗೆ ಉಯ್ದ್ರಾ, ಲೋಟದಲ್ಲಿ ಕೊಟ್ರಾ?"

"ಲೋಟದಲ್ಲೇ."

"ಲೋಟ ವಾಪಸ್ ಕೈಗೇ ಇಸ್ಕೊಂಡ್ರಾ?"

"ಅದ್ಯಾರ್ ನೋಡಿದ್ರು ಅತ್ತೆ!"

ಮುನಿಯಮ್ಮ ಎಲೆ ಬಾಯಿಗೆ ಹಾಕಿಕೊಂಡಳು. ಅವಳು ಜೀವಮಾನವಿಡೀ ನೀರು ಕೇಳಿದ್ದು ತನ್ನವರ ಬೀದಿಗಳಲ್ಲಿ. ಅಲ್ಲಿ ಕೊಡುವವರ ಗುಣವೊಂದೇ ಪರೀಕ್ಷೆಗೆ ನಿಲ್ಲುತ್ತಿತ್ತು. ಬೇರೆ ಬೀದಿಯಲ್ಲಿ ಪರೀಕ್ಷೆಗೆ ನಿಲ್ಲುವವರು ಕೇಳುವವರು. ಇದನ್ನು ಸೊಸೆಗೆ ಹೇಳಬೇಕಿತ್ತು. ಸೊಸೆಯ ಮುಖದಲ್ಲಿದ್ದ ಬೆಳಕು ನೋಡಿ ಹೇಳಲಾರದೆ ಹೋದಳು.

ಮುಂದಿನ ಭಾನುವಾರ ಗಂಡಹೆಂಡಿರು ಮಕ್ಕಳನ್ನು ಕರೆದುಕೊಂಡು ಮನೆ ಕೇಳಲು ಹೋದರು. ಆದಿಲಕ್ಷ್ಮಮ್ಮ ನೋಡಿದವಳೇ, "ಅಯ್ಯೋ, ನೀನಾ! ಅವತ್ತು ಕೊರಳಲ್ಲಿ ಕಾರ್ಡು, ಕೈಲಿ ಫೈಲು ನೋಡಿ ಸರ್ವೆಗೆ ಬಂದಿರೋ ಮೇಡಮ್ಮು ಅಂದ್ಕೊಂಡಿದ್ದೆ ಕಣಮ್ಮ!" ಅಂದಳು. ಎಲ್ಲರೂ ನಕ್ಕರು. ಇಂದ್ರಾಣಿಯೂ ನಕ್ಕಳು. ನಗುವಾಗಲೇ ಅವಳಿಗೆ ಹೊಳೆಯಿತು. ಹಾಗಾದರೆ ಆ ನೀರು ತನಗೆ ಕೊಟ್ಟಿದ್ದಲ್ಲ. ಬೆಲ್ಲವೂ.

ಆದಿಲಕ್ಷ್ಮಮ್ಮನ ಗಂಡ ಜಯರಾಮಪ್ಪ ನಿವೃತ್ತ ಗುಮಾಸ್ತ. ಕುರ್ಚಿಯಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡು ಊರು ಕೇಳಿದರು, ಕೆಲಸ ಕೇಳಿದರು, ಮಕ್ಕಳ ಹೆಸರು ಕೇಳಿದರು. ಆಮೇಲೆ ಬಹಳ ಮೆತ್ತಗೆ, "ತಪ್ಪು ತಿಳ್ಕೋಬೇಡಿ. ಯಾವ ಜನ ನೀವು?" ಅಂದರು.

ತಪ್ಪು ತಿಳಿದುಕೊಳ್ಳಬೇಡಿ ಎಂದು ಹೇಳಿಯೇ ಕೇಳುವವರು ನಮ್ಮಲ್ಲಿ ಬಹಳ ಒಳ್ಳೆಯವರು ಅನ್ನಿಸಿಕೊಂಡವರು.

ವಿಜಯಕುಮಾರ್ ಬಾಯಿ ತೆರೆಯುವ ಮುಂಚೆ ಇಂದ್ರಾಣಿ ಉತ್ತರ ಹೇಳಿಬಿಟ್ಟಳು. ಅವಳ ಬಾಯಿಂದ ಬಂದದ್ದು ಅವಳ ತವರೂರಿನ ದೊಡ್ಡಬೀದಿಯವರ ಜಾತಿಯ ಹೆಸರು. ಅವಳ ತಾಯಿ ಯಾರ ಹಿತ್ತಲಲ್ಲಿ ಸಗಣಿ ಬಾಚುತ್ತಿದ್ದಳೋ ಅವರದು. ಜಯರಾಮಪ್ಪನವರ ಮುಖ ಅರಳಿತು. "ಅಂಗಾದ್ರೆ ಬನ್ನಿ, ಒಳಗ್ ಬನ್ನಿ" ಅಂದರು.

ಬೀದಿ ತುದಿಯವರೆಗೂ ವಿಜಯಕುಮಾರ್ ನರೇಶನನ್ನು ಎತ್ತಿಕೊಂಡು ಮುಂದೆ ಮುಂದೆ ನಡೆದ. ಆಮೇಲೆ, "ನಂಗೆ ಒಂದ್ ಮಾತು ಏಳ್ಬಾರ್ದಾಗಿತ್ತಾ? ಅಪ್ಪನ್ನೇ ಬದಲಾಯಿಸ್ಬುಟ್ಯಲ್ಲೇ" ಅಂದ.

"ಸ್ಕೂಲ್ ಸಿಕ್ಲಿ. ಆಮೇಲ್ ಬೈಯಿ."

ಅವನು ಬೈಯಲಿಲ್ಲ. ಎರಡು ಭಾನುವಾರ ಬಂದು ಆ ಪೋರ್ಷನ್ನಿನ ಗೋಡೆ ಕೆರೆದು, ಬಿರುಕು ಮುಚ್ಚಿ, ತಿಳಿಹಸಿರು ಪೇಂಟ್ ಹೊಡೆದ. ಒಳಗೆ ಬಂದು ನೋಡಿದ ಜಯರಾಮಪ್ಪನವರು, ಮುಂದಿನ ಮನೆಯ ವರಾಂಡಾಕ್ಕೂ ಒಂದು ಕೋಟು ಹೊಡೆದರೆ ಚೆನ್ನಾಗಿರುತ್ತೆ ಅಲ್ವಾ ಅಂದರು. ಅದನ್ನೂ ಹೊಡೆದುಕೊಟ್ಟ. ಇಂದ್ರಾಣಿ ಸಾಮಾನು ಕಟ್ಟತೊಡಗಿದಳು. ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೊ ಇಳಿಸಿ ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನ ಅಡಿಗಿಟ್ಟಳು. ಇಡುವಾಗ ಫೋಟೊದ ಮುಖ ನೋಡಲಿಲ್ಲ.

ಸಂಜೆ ಶ್ವೇತಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಾ ಹೇಳಿಕೊಟ್ಟಳು. "ನಿಮ್ಮ ಮನೆ ಊರಲ್ಲಿ ಎಲ್ಲಿದೆ ಅಂದ್ರೆ ಏನ್ ಏಳ್ತೀಯ?"

"ಕಾಲೋನೀಲಿ."

"ಅನ್ಬಾರ್ದು. ದೇವಸ್ಥಾನದ್ ಹತ್ರ ಅನ್ನು."

"ದೇವಸ್ಥಾನ ಆ ಕಡೆ ಐತಲ್ಲಮ್ಮ?"

"ಅನ್ನು ಅಂದ್ರೆ ಅನ್ನೇ!" ಜಡೆ ಎಳೆದ ರಭಸಕ್ಕೆ ಮಗು ಅತ್ತಿತು.

ಬಾಗಿಲಲ್ಲಿದ್ದ ಮುನಿಯಮ್ಮ, "ಸ್ಕೂಲಿಗ್ ಸೇರ್ಸಕ್ ಮುಂಚೇನೇ ಪಾಠ ಸುರುವಾಯ್ತಾ?" ಅಂದಳು. ಬಂದು ಮೊಮ್ಮಗಳ ಕಣ್ಣು ಒರೆಸುತ್ತಾ, "ನಾನು ಬಂದ್ರೆ ಯಾರು ಅಂತ ಏಳ್ತೀಯಮ್ಮೇ? ನನ್ನ ಮಾತು ಕೇಳಿದ್ರೇ ಗೊತ್ತಾಯ್ತದಲ್ಲ. ಮನೆ ಕೆಲಸದೋಳು ಅಂದ್ಬುಡು. ಅದಕ್ಕಾದ್ರೆ ಯಾರೂ ಜಾತಿ ಕೇಳಲ್ಲ" ಎಂದು ನಕ್ಕಳು. ಆ ನಗುವನ್ನು ಇಂದ್ರಾಣಿ ತಡೆದುಕೊಳ್ಳಲಾರದೆ ಒಳಗೆ ಹೋದಳು.

ಮೇ ಕೊನೆಯ ವಾರ ಶಾಲೆಯಿಂದ ಅರ್ಜಿ ಫಾರಂ ತಂದಳು. ಒಂದೇ ಹಾಳೆ. ಒಂಬತ್ತನೇ ಕಾಲಂ ಮಗುವಿನ ಜಾತಿ. ಕೆಳಗೆ ಹದಿನಾಲ್ಕನೆಯದು ಮನೆ ಮಾಲೀಕರ ಸಹಿ. ಸುತ್ತಮುತ್ತಲಿನ ಬೀದಿಗಳ ಮಕ್ಕಳಿಗೆ ಮೊದಲು ಸೀಟು ಅನ್ನುವುದು ಆ ಶಾಲೆಯವರ ನಿಯಮ. ಸುಳ್ಳು ವಿಳಾಸ ಕೊಡುವವರು ಹೆಚ್ಚಾದ ಮೇಲೆ ಮಾಲೀಕರ ಸಹಿಯೂ ಬೇಕು ಅಂದಿದ್ದರು.

ಫಾರಂ ಕೊಟ್ಟ ರಾಧ ಮೇಡಂ ಒಳ್ಳೆಯವರೇ. "ಶನಿವಾರ ಹನ್ನೆರಡು ಗಂಟೆ ಒಳಗೆ ಕೊಡ್ಬೇಕು. ಒಂಬತ್ತನೇ ಕಾಲಂ ಸರ್ಟಿಫಿಕೇಟಲ್ಲಿ ಇರೋ ಹಾಗೇ ಬರೀರಿ. ಒಂದನೇ ಕ್ಲಾಸಿನ ರಿಜಿಸ್ಟರಲ್ಲಿ ಬಿದ್ದಿದ್ದು ಟಿಸಿಗೆ ಬರುತ್ತೆ, ಕಾಲೇಜಿಗೆ ಬರುತ್ತೆ, ಕೆಲಸಕ್ಕೂ ಬರುತ್ತೆ. ಆಮೇಲೆ ತಿದ್ದೋದು ಬಹಳ ಕಷ್ಟ ಕಣಮ್ಮ" ಅಂದರು.

ಇಂದ್ರಾಣಿ ಆ ಹಾಳೆ ಹಿಡಿದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಳು. ಮನೆ ಸಿಗಬೇಕಾದರೆ ಸುಳ್ಳು ಜಾತಿ ಬೇಕು. ಫೀಸಿಲ್ಲದ ಸೀಟು ಸಿಗಬೇಕಾದರೆ ನಿಜವಾದ ಜಾತಿ ಬೇಕು. ಎರಡಕ್ಕೂ ಒಂದೇ ಹಾಳೆ. ಸುಳ್ಳು ಬರೆದರೆ ಈ ವರ್ಷದ ಫೀಸಿನ ಮಾತಲ್ಲ, ನಾಳೆ ಶ್ವೇತ ಬೆಳೆದು ಸ್ಕಾಲರ್‌ಶಿಪ್ಪಿಗೆ, ಹಾಸ್ಟೆಲಿಗೆ, ಕೆಲಸಕ್ಕೆ ಕೈಚಾಚಿದಾಗ, ಅವಳ ಅಮ್ಮನೇ ಬರೆಸಿದ ಸುಳ್ಳು ಆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ತಲೆತಲಾಂತರದಿಂದ ತುಳಿದದ್ದಕ್ಕೆ ದೇಶ ಕೊಡುವ ಒಂದಿಷ್ಟು ಪರಿಹಾರವನ್ನು ಪಡೆಯಲು ತಾನು ಯಾರೆಂದು ಹೇಳಬೇಕು; ಶಾಲೆಯ ಎದುರು ತಲೆಯ ಮೇಲೊಂದು ಸೂರು ಪಡೆಯಲು ತಾನು ಯಾರೆಂದು ಹೇಳಬಾರದು. ಈ ಲೆಕ್ಕವನ್ನು ಯಾವ ಟೀಚರು ಬಿಡಿಸುತ್ತಾರೆ?

ಅವಳೇ ಒಂದು ದಾರಿ ಹುಡುಕಿದಳು. ಒಂಬತ್ತನ್ನು ಖಾಲಿ ಬಿಟ್ಟು ಮೊದಲು ಹದಿನಾಲ್ಕಕ್ಕೆ ಸಹಿ ಹಾಕಿಸಿಕೊಳ್ಳುವುದು. ಸಹಿಯಾದ ಮೇಲೆ ಬೀದಿ ದಾಟುವಷ್ಟರಲ್ಲಿ ಒಂಬತ್ತನ್ನು ತುಂಬುವುದು. ಆಮೇಲಿನದು ಆಮೇಲೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಶ್ವೇತಳಿಗೆ ಹೊಸ ಫ್ರಾಕು ಹಾಕಿ ಕರೆದುಕೊಂಡು ಹೋದಳು. ಆದಿಲಕ್ಷ್ಮಮ್ಮ ಮಗುವಿನ ಕೆನ್ನೆ ಹಿಂಡಿ, ಅದೇ ಸ್ಟೀಲ್ ಲೋಟದಲ್ಲಿ ಪಾನಕ ತಂದು ಕೊಟ್ಟಳು. ಜಯರಾಮಪ್ಪನವರು ಫಾರಂ ತೆಗೆದುಕೊಂಡು, ಪೆನ್ನಿನ ಕ್ಯಾಪು ತೆಗೆದು, ಮೇಲಿನಿಂದ ಓದುತ್ತಾ ಬಂದರು. ಒಂಬತ್ತಕ್ಕೆ ಬಂದು ನಿಂತರು.

"ಇದನ್ನ ಬಿಟ್ಟಿದ್ದೀಯಲ್ಲಮ್ಮ?"

"ಅಲ್ಲೇ ತುಂಬ್ತೀನಿ ಸಾರ್. ನೀವು ಸೈನ್ ಹಾಕಿ."

"ಮೂವತ್ತೆಂಟು ವರ್ಷ ಸರ್ವೀಸು ಮಾಡಿದ್ದೀನಿ. ಖಾಲಿ ಕಾಲಂ ಇರೋ ಫಾರಂಗೆ ಒಂದಿನಾನೂ ಸೈನ್ ಹಾಕಿದೋನಲ್ಲ" ಎಂದು ನಕ್ಕರು. "ಅದಕ್ಕೇನಂತೆ, ನಾನೇ ಬರೀತೀನಿ. ನಿಮ್ಮ ಜನ ಗೊತ್ತಿರೋದೇ ಅಲ್ವಾ?"

ಪೆನ್ನಿನ ಮೊನೆ ಕಾಗದ ಮುಟ್ಟಿತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕು. ಮನೆ ಉಳಿಯುತ್ತಿತ್ತು, ಬೀದಿ ಉಳಿಯುತ್ತಿತ್ತು, ಎದುರಿನ ಶಾಲೆ ಉಳಿಯುತ್ತಿತ್ತು. ಶ್ವೇತ ಪಾನಕದ ಲೋಟದೊಳಗೆ ಮುಖವಿಟ್ಟುಕೊಂಡು ಕಣ್ಣೆತ್ತಿ ಅಮ್ಮನನ್ನೇ ನೋಡುತ್ತಿದ್ದಳು.

"ಬೇಡ ಸಾರ್. ಕೊಡಿ, ನಾನೇ ಬರೀತೀನಿ."

ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಒಂಬತ್ತನೇ ಕಾಲಮ್ಮಿನಲ್ಲಿ ದುಂಡಗೆ ಬರೆದಳು. ಎಂಟನೇ ಕ್ಲಾಸಿಗೆ ಓದು ಬಿಟ್ಟವಳ ಅಕ್ಷರ. ಒಂದೊಂದೂ ಬಿಡಿಬಿಡಿಯಾಗಿ, ಯಾರು ಬೇಕಾದರೂ ಓದುವ ಹಾಗಿತ್ತು.

ಜಯರಾಮಪ್ಪನವರು ಓದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ಓದಿದರು. ಕೂಗಾಡಿದ್ದರೆ ಇಂದ್ರಾಣಿಯೂ ಕೂಗಾಡುತ್ತಿದ್ದಳು. ಅವರು ಕೂಗಾಡಲಿಲ್ಲ. "ಮೊದ್ಲೇ ಏಳ್ಬಾರ್ದಿತ್ತೇನಮ್ಮ. ನಮಗೇನಿಲ್ಲ. ಬೀದಿಯೋರು ಒಪ್ಪಬೇಕಲ್ಲ" ಅಂದರು. ಯಾವ ಬೀದಿಯವರೂ ಅಲ್ಲಿರಲಿಲ್ಲ. ಬೀದಿಯಲ್ಲಿ ತಳ್ಳುಗಾಡಿಯವನೊಬ್ಬ ಸೊಪ್ಪು ಮಾರುತ್ತಿದ್ದ.

"ಮೊದ್ಲೇ ಏಳಿದ್ರೆ ಕೊಡ್ತಿದ್ರಾ ಸಾರ್?"

ಅವರು ಸಹಿ ಹಾಕದೆ ಫಾರಂ ಮಡಿಸಿ ಕೊಟ್ಟರು.

"ನಮ್ಮನೆಯೋರು ಪೇಂಟ್ ಹೊಡೆದ ಗೋಡೆ?" ಇಂದ್ರಾಣಿ ವರಾಂಡಾದ ಕಡೆ ಕೈ ತೋರಿಸಿದಳು. "ಆ ಗೋಡೆ ಇರಬೌದಾ ಸಾರ್? ಬೀದಿಯೋರು ಒಪ್ತಾರಾ?"

ಶ್ವೇತ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಆದಿಲಕ್ಷ್ಮಮ್ಮನ ಮುಂದೆ ಚಾಚಿದಳು. ಆದಿಲಕ್ಷ್ಮಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಸೆರಗು ಹೊದ್ದುಕೊಂಡು, ಬಹಳ ಪ್ರೀತಿಯಿಂದಲೇ ಅಂದಳು: "ಇರ್ಲಿ ಪುಟ್ಟಿ. ಅದನ್ನ ನೀನೇ ಇಟ್ಕೊ."

ಶ್ವೇತಳಿಗೆ ನಂಬಲಾಗಲಿಲ್ಲ. "ನಂಗೇನಾ?"

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಇಂದ್ರಾಣಿ ಶಾಲೆಯ ಕಿಟಕಿಗೆ ಫಾರಂ ಕೊಟ್ಟಳು. ರಾಧ ಮೇಡಂ ಒಂಬತ್ತನ್ನು ನೋಡಿ ತಲೆಯಾಡಿಸಿದರು. ಹದಿನಾಲ್ಕನ್ನು ನೋಡಿ, ಎದುರಿನ ಮನೆಯನ್ನು ನೋಡಿ, ಏನೂ ಕೇಳದೆ ಫಾರಂ ವಾಪಸ್ ತಳ್ಳಿದರು. "ಹೆಡ್‌ಮಿಸ್ ಒಪ್ಪಲ್ಲಮ್ಮ. ನಿಮ್ಮ ಹಿಂದೆ ಹದಿನೇಳು ಮಂದಿ ಇದಾರೆ" ಅಂದರು. ಅವರ ಕಣ್ಣಲ್ಲಿ ಕರುಣೆ ಇತ್ತು. ಇಂದ್ರಾಣಿಗೆ ಬೇಕಾಗಿದ್ದು ಸೀಟು.

ಮಧ್ಯಾಹ್ನದ ರೈಲಿಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದಾಗ ತಾನು ಅಲ್ಲಿಗೆ ಯಾಕೆ ಬಂದೆ ಅನ್ನುವುದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಹಳ್ಳಿಗೆ ಹೋಗಿ ಅತ್ತೆಯ ಮುಖ ನೋಡುವ ಧೈರ್ಯವಿರಲಿಲ್ಲ ಅಷ್ಟೆ. ಕಲಾ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

"ಬಂದ್ಯಾ ಕಣ್ಣು! ಮನೆ ಇನ್ನೂ ಖಾಲೀನೇ ಇದೆ. ಏನದು ಕೈಲಿ, ಕಾಗದ?"

ಇಂದ್ರಾಣಿ ತೋರಿಸಿದಳು. ಕಲಾಗೆ ಕನ್ನಡ ಓದಲು ಬರುವುದಿಲ್ಲ. "ಮನೆ ಓನರ್ ಸೈನಾ? ಕೊಡು, ತಮಿಳಲ್ಲಿ ಹಾಕ್ತೀನಿ" ಎಂದು ಕೈ ಚಾಚಿ, ತಾನೇ ಹಿಂದೆಗೆದಳು. "ಆದ್ರೆ ನಾನೂ ಓನರ್ ಅಲ್ವಲ್ಲಮ್ಮಾ. ಇದು ಗಣಿ ಕಂಪನಿ ಮನೆ. ಕಂಪನೀನೇ ಇಲ್ಲ. ನಲವತ್ತೈದು ವರ್ಷ ಇದ್ದೀನಿ, ಯಾರ್ ಮನೇಲಿ ಇದ್ದೀನಿ ಅಂತ ನಂಗೇ ಗೊತ್ತಿಲ್ಲ."

ಏನೂ ಕೇಳದೆ ಬಾಗಿಲು ತೆರೆಯುವ ಬೀದಿಯಲ್ಲಿ ಶಾಲೆಗೆ ಬೀಗ. ಶಾಲೆ ತೆರೆದಿರುವ ಬೀದಿಯಲ್ಲಿ ಕೇಳದೆ ಬಾಗಿಲು ತೆರೆಯುವುದಿಲ್ಲ. ಇವೆರಡರ ನಡುವೆ ರೈಲು ಅರ್ಧ ಗಂಟೆ ಓಡುತ್ತದೆ. ಇಂದ್ರಾಣಿ ಲೈನಿನ ಕೊನೆಯ ಗೇಟಿನ ಕಡೆ ನೋಡಿದಳು. ಆಡುಗಳು ನೆರಳಿಗೆ ಬಂದು ಮಲಗಿದ್ದವು.

ಶ್ವೇತ ತನ್ನ ಲೋಟವನ್ನು ಕಲಾಳ ಮುಂದೆ ಹಿಡಿದು ನೀರು ಕೇಳಿದಳು. ಕಲಾ ಕೊಡದಿಂದ ಬಗ್ಗಿಸಿ ಕೊಡುತ್ತಾ, "ಅಬ್ಬಾ, ಹೊಸಾ ಲೋಟ! ಯಾರ್ ಕೊಟ್ಟಿದ್ದು?" ಅಂದಳು.

"ಸ್ಕೂಲತ್ರದ ಅಜ್ಜಿ. ನಂಗೇ ಇಟ್ಕೊ ಅಂದ್ರು."

ಕಲಾಳ ಕೈ ನಿಂತಿತು. ಅವಳು ಲೋಟ ನೋಡಿದಳು, ಇಂದ್ರಾಣಿಯನ್ನು ನೋಡಿದಳು, ಮತ್ತೆ ಮೊರ ಎಳೆದುಕೊಂಡಳು.

ಶ್ವೇತ ಒಂದೇ ಗುಟುಕಿಗೆ ನೀರು ಕುಡಿದು, ಬಾಯಿ ಒರೆಸಿಕೊಂಡು, ಅಮ್ಮನ ಪಕ್ಕ ಬಂದು ಕೂತಳು. "ಅಮ್ಮ, ನೀರ್ ಕೊಟ್ಟ ಬೀದೀನೇ ಒಳ್ಳೇದು ಅಂತ ಅಜ್ಜಿ ಏಳ್ತದಲ್ಲ. ಅವರು ಪಾನಕ ಕೊಟ್ರು, ಲೋಟಾನೂ ಕೊಟ್ರು. ಎಲ್ಲಾದ್ಕಿಂತ ಒಳ್ಳೆ ಬೀದಿ ಅದೇ ಅಲ್ವಾ? ನಾವ್ಯಾಕ್ ಅಲ್ಲಿಗ್ ಓಗ್ಬಾರ್ದು?"

ಇಂದ್ರಾಣಿ ಹೇಳಲು ಬಾಯಿ ತೆರೆದಳು. ಲೋಟವನ್ನು ಅವರು ಯಾಕೆ ಕೊಟ್ಟರು ಅನ್ನುವುದನ್ನು ಇವತ್ತಲ್ಲ ನಾಳೆ ಯಾರಾದರೂ ಇವಳಿಗೆ ಹೇಳಿಕೊಡಲೇಬೇಕು. ಆದರೆ ಮಗಳಿಗೆ ಈಗಷ್ಟೇ ಆರು ತುಂಬಿದೆ. ಇನ್ನೂ ಒಂದನೇ ಕ್ಲಾಸಿಗೇ ಸೇರಿಲ್ಲ.